ಮೌಂಟನ್ ಆಶ್ ಮರವನ್ನು ಕಾಡಿನಲ್ಲಿ ಗುರುತು ಹಿಡಿಯುವುದು ಹೇಗೆ

ಊರಿಂದ ಯಾರಾದರೂ ಮೆಲ್ಬರ್ನ್‌ಗೆ ಬಂದರೆ ನಾನು ಮೊದಲು ಕರೆದುಕೊಂಡು ಹೋಗುವುದು ಡ್ಯಾಂಡೆನಾಂಗ್ ಬೆಟ್ಟಕ್ಕೆ, ಮೌಂಟನ್ ಆಶ್ ಮರ ತೋರಿಸಲು. ಇದೂ ಒಂದು ಜಾತಿಯ ನೀಲಗಿರಿ. ಸಸ್ಯಶಾಸ್ತ್ರದ ಹೆಸರು ಯೂಕಲಿಪ್ಟಸ್ ರೆಗ್ನನ್ಸ್. ತಾನಾಗಿ ಬೆಳೆಯುವುದು ವಿಕ್ಟೋರಿಯಾ ಮತ್ತು ಟಾಸ್ಮೇನಿಯಾದ ಮಳೆ ಬೀಳುವ ಬೆಟ್ಟಗಳಲ್ಲಿ ಮಾತ್ರ. ಹೂ ಬಿಡುವ ಮರಗಳಲ್ಲಿ ಇಷ್ಟು ಎತ್ತರ ಹೋಗುವಂಥವು ತೀರಾ ಕಡಿಮೆ. ಟಾಸ್ಮೇನಿಯಾದ ಸೆಂಚುರಿಯನ್ ಎಂಬ ಮರ 2018ರಲ್ಲಿ ಅಳೆದಾಗ 100.5 ಮೀಟರ್ ಇತ್ತು.

ನಾವು ಚಿಂತಾಮಣಿ ಕಡೆಯವರು. ನಮ್ಮ ಕಡೆ ನೀಲಗಿರಿ ಅಂದರೆ ಹೊಲದ ತುಂಬ ಸಾಲಾಗಿ ನಿಂತ ಸಣ್ಣ ಮರಗಳು, ಕಡಿದು ಲಾರಿಗೆ ಹೇರುವ ಗಳು. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಬಂದ ನೀಲಗಿರಿಯಿಂದ ಬಯಲುಸೀಮೆಗೆಲ್ಲ ಹರಡಿದ್ದು ಬೇರೆ ಜಾತಿ. ಅದನ್ನೇ ನೋಡಿಕೊಂಡು ಬಂದ ಕಣ್ಣಿಗೆ ಇದು ನೀಲಗಿರಿ ಅಂತ ನಂಬಿಕೆಯೇ ಬರುವುದಿಲ್ಲ. ನಮ್ಮ ಮಾವನವರಂತೂ ಬುಡ ತಟ್ಟಿ ನೋಡಿ, "ಇದು ನಮ್ಮ ನೀಲಗಿರಿ ಜಾತಿನೇ ಏನಮ್ಮಾ?" ಅಂತ ಕೇಳಿದ್ದರು. ಹೌದು, ಆದರೆ ಗುರುತು ಬೇರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೋಗುವುದು ಸುಲಭ. ನಗರದ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಬೆಲ್‌ಗ್ರೇವ್ ರೈಲು ಹತ್ತಿ ಕೊನೆಯ ಸ್ಟೇಷನ್‌ನಲ್ಲಿ ಇಳಿಯಿರಿ. ಶೆರ್‌ಬ್ರೂಕ್ ಕಾಡು ಪಕ್ಕದಲ್ಲೇ ಇದೆ. ವಯಸ್ಸಾದವರು ಜೊತೆಗಿದ್ದರೆ ಕಾರಿನಲ್ಲಿ ಕಲಿಸ್ಟಾದ ಗ್ರಾಂಟ್ಸ್ ಪಿಕ್‌ನಿಕ್ ಗ್ರೌಂಡ್‌ಗೆ ಹೋಗಿ. ಅಲ್ಲಿಂದ ಹೊರಡುವ ಸಣ್ಣ ಸುತ್ತು ಅವರಿಗೆ ಸಾಕು.

ಗಾಳಿ ಜೋರಾಗಿರುವ ದಿನ ಮಾತ್ರ ದಯವಿಟ್ಟು ಹೋಗಬೇಡಿ. ಈ ಮರಗಳ ಕೊಂಬೆ ಅಷ್ಟು ಎತ್ತರದಿಂದ ಕಳಚಿ ಬೀಳುತ್ತವೆ. 2021ರ ಜೂನ್ ಬಿರುಗಾಳಿಗೆ ಈ ಬೆಟ್ಟದಲ್ಲಿ ದೊಡ್ಡ ದೊಡ್ಡ ಮರಗಳೇ ಬುಡಸಮೇತ ಉರುಳಿ ಮನೆಗಳ ಮೇಲೆ ಬಿದ್ದವು. ಬೇಸಿಗೆಯಲ್ಲಾದರೆ ಬೆಂಕಿಯ ಎಚ್ಚರಿಕೆ ಇದೆಯಾ ಅಂತ ಹಿಂದಿನ ದಿನವೇ ವಿಕ್‌ಎಮರ್ಜೆನ್ಸಿ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಮಳೆ ನಿಂತ ಮರುದಿನ ಕಾಡು ತುಂಬ ಚೆನ್ನಾಗಿರುತ್ತದೆ, ಆದರೆ ಜಿಗಣೆ ಇರುತ್ತವೆ. ಮಲೆನಾಡಿನವರಿಗೆ ಇಂಬಳ ಹೊಸದಲ್ಲ. ಉಳಿದವರು ಉದ್ದ ಕಾಲುಚೀಲ ಹಾಕಿಕೊಳ್ಳಿ, ಸ್ವಲ್ಪ ಉಪ್ಪು ಇಟ್ಟುಕೊಳ್ಳಿ.

ಈಗ ಗುರುತಿನ ವಿಷಯ. ಎಲ್ಲರೂ ಮೊದಲು ತಲೆ ಎತ್ತಿ ತುದಿ ನೋಡುತ್ತಾರೆ. ನೀವು ಬುಡದಿಂದ ಶುರು ಮಾಡಿ. ಬುಡದಲ್ಲಿ ತೊಗಟೆ ಒರಟು, ನಾರುನಾರು, ಕಂದು ಬಣ್ಣ. ಕೈಯಿಟ್ಟರೆ ಒದ್ದೆ ನಾರು ಬೆರಳಿಗೆ ಸಿಗುತ್ತದೆ. ಈ ಒರಟು ಭಾಗ ಸಾಮಾನ್ಯವಾಗಿ ಹತ್ತು ಹದಿನೈದು ಮೀಟರ್‌ಗೆ ಮುಗಿದುಬಿಡುತ್ತದೆ. ಅಲ್ಲಿಂದ ಮೇಲೆ ಕಾಂಡ ಪೂರ್ತಿ ನುಣುಪು, ಬಿಳಿ ಅಥವಾ ಬೂದು ಹಸಿರು. ಕಳಚಿದ ತೊಗಟೆ ಒಣಗಿದ ಬಾಳೆಪಟ್ಟೆಯ ಹಾಗೆ ಉದ್ದುದ್ದ ಸೀಳಾಗಿ ಕೊಂಬೆಯಿಂದ ಜೋತು ಬಿದ್ದಿರುತ್ತದೆ. ಗಾಳಿ ಬೀಸಿದಾಗ ಕಾಂಡಕ್ಕೆ ಬಡಿದು ಟಪಟಪ ಅನ್ನುತ್ತದೆ.

ಒರಟು ತೊಗಟೆ ಕೊಂಬೆಗಳವರೆಗೂ ಹೋಗಿದ್ದರೆ ಅದು ಮೆಸ್‌ಮೇಟ್ ಎಂಬ ಬೇರೆ ನೀಲಗಿರಿ. ಹೆಚ್ಚುಕಡಿಮೆ ಬುಡದಿಂದಲೇ ನುಣುಪಾಗಿದ್ದರೆ ಮೌಂಟನ್ ಗ್ರೇ ಗಮ್ ಇರಬಹುದು. ಮೂರೂ ಒಂದೇ ಕಾಡಿನಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಹಾಗಾಗಿ ತೊಗಟೆ ಒಂದನ್ನೇ ನಂಬಿಕೊಳ್ಳಬೇಡಿ.

ಖಚಿತವಾಗಬೇಕಾದರೆ ನೆಲ ನೋಡಿ. ಎಲೆ ಇರುವುದು ಐವತ್ತು ಅರವತ್ತು ಮೀಟರ್ ಮೇಲೆ, ಕೈಗೆಟುಕುವ ಮಾತೇ ಇಲ್ಲ. ಆದರೆ ಗಾಳಿಗೆ ಬಿದ್ದ ರೆಂಬೆ ದಾರಿಯಲ್ಲಿ ಸಿಕ್ಕೇ ಸಿಗುತ್ತದೆ. ಮೊಗ್ಗಿರುವ ರೆಂಬೆ ಹುಡುಕಿ. ಎಲೆಯ ತೊಟ್ಟು ರೆಂಬೆಗೆ ಸೇರುವ ಮೂಲೆಯಲ್ಲಿ ಮೊಗ್ಗಿನ ಗೊಂಚಲು ಎಷ್ಟಿವೆ ನೋಡಿ. ಬೇರೆ ನೀಲಗಿರಿಗಳಲ್ಲಿ ಸಾಮಾನ್ಯವಾಗಿ ಒಂದು. ಮೌಂಟನ್ ಆಶ್‌ನಲ್ಲಿ ಎರಡು, ಒಂದೇ ಮೂಲೆಯಿಂದ ಜೋಡಿಯಾಗಿ ಹೊರಟಿರುತ್ತವೆ. ಒಂದೊಂದರಲ್ಲೂ ಒಂಬತ್ತರಿಂದ ಹದಿನೈದು ಪುಟ್ಟ ಮೊಗ್ಗು. ಈ ಜೋಡಿ ಗೊಂಚಲು ಕಂಡರೆ ಅನುಮಾನ ಬೇಡ. ಕಾಯಿಯೂ ಸಣ್ಣದು, ಒಂದು ಸೆಂಟಿಮೀಟರ್ ಕೂಡ ಇಲ್ಲ. ಬಾಯಿ ಸಾಮಾನ್ಯವಾಗಿ ಮೂರು ಸೀಳಾಗಿ ಬಿರಿಯುತ್ತದೆ. ಒಂದು ಭೂತಗನ್ನಡಿ ಜೇಬಿನಲ್ಲಿದ್ದರೆ ಮಕ್ಕಳಿಗೂ ಖುಷಿ. ಮಾರ್ಚ್‌ನಿಂದ ಮೇವರೆಗೆ ಹೋದರೆ ಬಿಳಿ ಹೂವೂ ನೆಲದಲ್ಲಿ ಸಿಗಬಹುದು.

ಎತ್ತರ ಅಳೆಯುವ ಆಸೆಯಾದರೆ ಪಿಕ್‌ನಿಕ್ ಗ್ರೌಂಡ್‌ನ ಬಯಲಿನಲ್ಲಿ ಅಳೆಯಿರಿ, ಕಾಡಿನೊಳಗೆ ತುದಿಯೇ ಕಾಣುವುದಿಲ್ಲ. ಒಬ್ಬರನ್ನು ಮರದ ಬುಡದಲ್ಲಿ ನಿಲ್ಲಿಸಿ. ನೀವು ದೂರ ಹೋಗಿ, ಕೈ ನೀಟಾಗಿ ಚಾಚಿ ಪೆನ್ಸಿಲ್ ಹಿಡಿದು, ಅವರ ಎತ್ತರ ಪೆನ್ಸಿಲ್‌ನಲ್ಲಿ ಎಷ್ಟು ಬರುತ್ತದೋ ಅಲ್ಲಿ ಉಗುರಿಟ್ಟುಕೊಳ್ಳಿ. ಆ ಅಳತೆ ತುದಿಯವರೆಗೆ ಎಷ್ಟು ಸಲ ಬರುತ್ತದೆ ಎಣಿಸಿ, ಅವರ ಎತ್ತರದಿಂದ ಗುಣಿಸಿ. ಅಂದಾಜಿಗೆ ಇಷ್ಟು ಸಾಕು.

ಇಷ್ಟೆಲ್ಲ ಆದಮೇಲೆ ಸ್ವಲ್ಪ ಹಿಂದೆ ಸರಿದು ಅಕ್ಕಪಕ್ಕದ ಮರಗಳನ್ನೂ ಸೇರಿಸಿ ನೋಡಿ. ನನಗೆ ಇದೇ ಮುಖ್ಯ ಅನಿಸುತ್ತದೆ. ಎಲ್ಲ ಮರಗಳೂ ಹೆಚ್ಚುಕಡಿಮೆ ಒಂದೇ ದಪ್ಪ, ಒಂದೇ ಎತ್ತರ ಇದ್ದರೆ ಅವು ಒಟ್ಟಿಗೆ ಹುಟ್ಟಿದವು, ಅಂದರೆ ಅಲ್ಲಿ ಹಿಂದೆ ದೊಡ್ಡ ಬೆಂಕಿ ಬಿದ್ದಿತ್ತು. ನಮ್ಮ ಹೊಲದ ನೀಲಗಿರಿ ಕಡಿದರೆ ಕೂಳೆ ಬರುತ್ತದೆ. ಇಲ್ಲಿಯ ಬೇರೆ ಎಷ್ಟೋ ನೀಲಗಿರಿಗಳು ಸುಟ್ಟರೂ ಕಾಂಡದಲ್ಲೇ ಚಿಗುರುತ್ತವೆ. ಮೌಂಟನ್ ಆಶ್‌ಗೆ ಆ ಶಕ್ತಿ ಇಲ್ಲ ಅನ್ನುವಷ್ಟು ಕಡಿಮೆ. ಜೋರು ಬೆಂಕಿ ಬಿದ್ದರೆ ಸತ್ತೇ ಹೋಗುತ್ತದೆ. ಆದರೆ ತುದಿಯ ಕಾಯಿಗಳು ಬಿರಿದು ಬೀಜ ಬೂದಿಯ ಮೇಲೆ ಸುರಿಯುತ್ತದೆ, ಇಡೀ ಕಾಡು ಒಂದೇ ಸಲ ಮೊಳೆಯುತ್ತದೆ.

ಹೀಲ್ಸ್‌ವಿಲ್‌ನಿಂದ ನಾರ್ಬೆಥಾಂಗ್‌ಗೆ ಹೋಗುವ ಬ್ಲ್ಯಾಕ್ ಸ್ಪರ್ ರಸ್ತೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಸಾಲುಸಾಲಾಗಿ ನಿಂತಿರುವ ಮರಗಳಲ್ಲಿ ಹೆಚ್ಚಿನವು 1939ರ ಜನವರಿ 13ರ ಬೆಂಕಿಯ ನಂತರ ಹುಟ್ಟಿದವು. ಮುಂದೆ ಮೇರೀಸ್‌ವಿಲ್ ಕಡೆ ಹೋದರೆ 2009ರ ಫೆಬ್ರವರಿ ಬೆಂಕಿಯ ಗುರುತು: ಬಿಳಿಚಿ ನಿಂತ ಸತ್ತ ಮರಗಳು, ಅವುಗಳ ಕೆಳಗೆ ಒತ್ತೊತ್ತಾಗಿ ಎಳೆ ಮರಗಳು. ಈ ಎಳೆ ಮರಗಳು ಸಾಕಷ್ಟು ಬೀಜ ಕಟ್ಟಲು ಹದಿನೈದು ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಇನ್ನೊಂದು ಬೆಂಕಿ ಬಂದರೆ ಬೀಜವೇ ಇರುವುದಿಲ್ಲ, ಆ ಜಾಗದಿಂದ ಮೌಂಟನ್ ಆಶ್ ಹೋದಂತೆಯೇ. ಬೇಸಿಗೆ ಬಂದರೆ ನನಗೆ ಇದೇ ಯೋಚನೆ.

ನೀಲಗಿರಿ ನೀರು ಹೀರುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ ಅಲ್ವಾ? ಮಾವನವರ ಎರಡನೇ ಪ್ರಶ್ನೆಯೂ ಅದೇ ಆಗಿತ್ತು. ಮೆಲ್ಬರ್ನ್ ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಇದೇ ಮರಗಳ ಕಾಡಿನಿಂದ ಬರುತ್ತದೆ. ಆ ಜಲಾನಯನ ಪ್ರದೇಶದೊಳಗೆ ಜನರನ್ನು ಬಿಡುವುದೇ ಇಲ್ಲ. ಮರ ಹಳೆಯದಾದಷ್ಟೂ ಕಾಡು ಹೀರುವ ನೀರು ಕಡಿಮೆ, ತೊರೆಗೆ ಹರಿಯುವುದು ಜಾಸ್ತಿ. ಹಳೆ ಕಾಡು ಸುಟ್ಟು ಎಳೆಯದು ಬೆಳೆಯುವಾಗ ಎಷ್ಟೋ ದಶಕ ತೊರೆಯ ನೀರು ಇಳಿಯುತ್ತದೆ. ಹಳೆ ಮರ ಉಳಿಸಬೇಕು ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು. ಪ್ರಾಣಿಗಳಿಗೂ ಹಳೆ ಮರವೇ ಬೇಕು. ಗೂಡಿಗೆ ಆಗುವಂಥ ಪೊಟರೆ ಬೀಳಲು ನೂರಿಪ್ಪತ್ತು ವರ್ಷವಾದರೂ ಹಿಡಿಯುತ್ತದೆ. ಅಳಿದೇ ಹೋಯಿತು ಅಂದುಕೊಂಡಿದ್ದ ಲೆಡ್‌ಬೀಟರ್ಸ್ ಪಾಸಮ್ ಎಂಬ ಪುಟ್ಟ ಪ್ರಾಣಿ 1961ರಲ್ಲಿ ಮತ್ತೆ ಸಿಕ್ಕಿದ್ದು ಮೇರೀಸ್‌ವಿಲ್ ಹತ್ತಿರದ ಇಂಥ ಕಾಡಿನಲ್ಲೇ. ವಿಕ್ಟೋರಿಯಾದಲ್ಲಿ 2024ರ ಜನವರಿಯಿಂದ ಸ್ವಾಭಾವಿಕ ಕಾಡಿನಲ್ಲಿ ನಾಟಾಕ್ಕೆ ಮರ ಕಡಿಯುವುದು ನಿಂತಿದೆ. ನನಗೆ ದೊಡ್ಡ ಸಮಾಧಾನ ಅದು.

ಸಮಯವಿದ್ದರೆ ಮೇರೀಸ್‌ವಿಲ್‌ನಿಂದ ಲೇಕ್ ಮೌಂಟನ್‌ಗೂ ಹತ್ತಿ. ಮೇಲೆ ಹೋದ ಹಾಗೆ ಮೌಂಟನ್ ಆಶ್ ಮುಗಿದು ಆಲ್ಪೈನ್ ಆಶ್ ಶುರುವಾಗುತ್ತದೆ. ಅದರ ಒರಟು ತೊಗಟೆ ಕಾಂಡದ ಅರ್ಧಕ್ಕಾದರೂ ಇರುತ್ತದೆ, ಹಾಗಾಗಿ ಎಲ್ಲಿ ಬದಲಾಯಿತು ಅಂತ ಕಾರಿನಿಂದಲೇ ಹೇಳಬಹುದು. ಇನ್ನೂ ಮೇಲೆ ಸೊಟ್ಟಸೊಟ್ಟ ಸ್ನೋ ಗಮ್.

ಮೊಗ್ಗು, ಕಾಯಿ, ತೊಗಟೆ ನೋಡಿ ಅಲ್ಲೇ ಬಿಡಿ. ರಾಷ್ಟ್ರೀಯ ಉದ್ಯಾನದಿಂದ ಏನನ್ನೂ ತರುವಂತಿಲ್ಲ, ಬೀಜ ಊರಿಗೆ ಒಯ್ಯುವುದಂತೂ ಬೇಡವೇ ಬೇಡ. ಹೊರಡುವ ಮುಂಚೆ ಮತ್ತು ಬಂದಮೇಲೆ ಬೂಟಿನ ಮಣ್ಣು ತಿಕ್ಕಿ ತೆಗೆಯಿರಿ. ಬೇರು ಕೊಳೆಸುವ ರೋಗ ಒಂದು ಕಾಡಿನಿಂದ ಇನ್ನೊಂದಕ್ಕೆ ಮಣ್ಣಿನ ಜೊತೆಗೇ ಹೋಗುತ್ತದೆ.