ಆಕ್ಸ್‌ಫರ್ಡಿನಲ್ಲಿ ಮೊದಲು ಮ್ಯೂಸಿಯಂ, ಆಮೇಲೆ ಕಾಲೇಜು

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿಂದ ಆಕ್ಸ್‌ಫರ್ಡಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ. ಊರಿಂದ ಯಾರೇ ಬರಲಿ, ಅವರ ಪಟ್ಟಿಯಲ್ಲಿ ಆಕ್ಸ್‌ಫರ್ಡ್ ಇದ್ದೇ ಇರುತ್ತದೆ. ತೋರಿಸುವ ಕೆಲಸ ನನ್ನದು. ಹೀಗೆ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ಹೋಗಿ ನನ್ನದೇ ಒಂದು ಕ್ರಮ ರೂಢಿಯಾಗಿದೆ. ಧಾರವಾಡದಿಂದ ಅಪ್ಪ, ಅವ್ವ ಬಂದಾಗಲೂ ಅದೇ ಕ್ರಮದಲ್ಲಿ ತಿರುಗಿಸಿದೆ. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಕಂಡ ಬೋರ್ಡನ್ನೆಲ್ಲ ಓದುವವರು. ಅವ್ವನಿಗೆ ಮಂಡಿನೋವು.

ಬರುವವರೆಲ್ಲ ಮೊದಲು ಕೇಳುವುದು "ಯೂನಿವರ್ಸಿಟಿ ಎಲ್ಲಿದೆ?" ಅಂತ. ಇಲ್ಲಿ ಗೇಟು, ಕಾಂಪೌಂಡು ಇರುವ ಒಂದೇ ಕ್ಯಾಂಪಸ್ ಇಲ್ಲ. 30ಕ್ಕೂ ಹೆಚ್ಚು ಕಾಲೇಜುಗಳು ಊರ ತುಂಬ ಹರಡಿವೆ. ಒಂದೊಂದಕ್ಕೂ ಎತ್ತರದ ಗೋಡೆ, ದಪ್ಪ ಬಾಗಿಲು, ಬಾಗಿಲಲ್ಲಿ ಒಬ್ಬ ಪೋರ್ಟರ್. ಬಹಳಷ್ಟು ಕಾಲೇಜುಗಳು ಹೊರಗಿನವರಿಗೆ ತೆರೆಯುವುದು ಮಧ್ಯಾಹ್ನ ಮಾತ್ರ. ಮೇ, ಜೂನ್ ಪರೀಕ್ಷೆ ಕಾಲವಾದ್ದರಿಂದ ಆಗ ಎಷ್ಟೋ ಕಾಲೇಜುಗಳ ಮುಂದೆ 'ಪ್ರವೇಶವಿಲ್ಲ' ಅನ್ನುವ ಹಲಗೆಯೇ ಕಾಣುತ್ತದೆ. ಒಂದು ಕಾಲೇಜಿನಲ್ಲಿ ನಾಲ್ಕು ಜನಕ್ಕೆ ದುಬಾರಿ ಟಿಕೆಟ್ ತಗೊಂಡು ಒಳಗೆ ಹೋದರೆ, ಅವರ ಊಟದ ಹಾಲ್‌ಗೇ ಬೀಗ! ಅದನ್ನು ಟಿಕೆಟ್ ಕೊಡುವಾಗ ಯಾರೂ ಹೇಳಿರಲಿಲ್ಲ.

ಮ್ಯೂಸಿಯಂಗಳದ್ದು ಇದಕ್ಕೆ ತದ್ವಿರುದ್ಧ. ಯೂನಿವರ್ಸಿಟಿಯವೇ ನಾಲ್ಕು ದೊಡ್ಡ ಮ್ಯೂಸಿಯಂಗಳಿವೆ, ನಾಲ್ಕಕ್ಕೂ ಪ್ರವೇಶ ಪುಕ್ಕಟೆ. ಕಾಲೇಜುಗಳಲ್ಲಿ ನಿಮಗೆ ಸಿಗುವುದು ಅಂಗಳ, ಹುಲ್ಲು, ಗೋಡೆ. ಆ ಗೋಡೆಗಳ ಒಳಗೆ ಏನು ನಡೆಯಿತು ಅನ್ನುವುದಕ್ಕೆ ಸಾಕ್ಷಿ ಇರುವುದು ಮ್ಯೂಸಿಯಂಗಳಲ್ಲಿ. ಅದಕ್ಕೇ ನಾನು ಬೆಳಗ್ಗೆ ಎದ್ದು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುವುದು. ಇನ್ನೊಂದು ನಿಯಮ ಇದೆ. ಒಂದೊಂದು ಮ್ಯೂಸಿಯಂನಲ್ಲಿ ಎರಡೋ ಮೂರೋ ವಸ್ತುಗಳ ಮುಂದೆ ಮಾತ್ರ ನಿಲ್ಲುವುದು. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಕಾಲು ಸೋಲುತ್ತದೆ, ತಲೆಯಲ್ಲೂ ಏನೂ ಉಳಿಯುವುದಿಲ್ಲ.

ಶುರು ಮಾಡುವುದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಿಂದ. 1860ರ ಕಟ್ಟಡ. ಮೇಲೆ ಪೂರ್ತಿ ಗಾಜಿನ ಚಾವಣಿ, ಕೆಳಗೆ ಡೈನೋಸಾರ್ ಅಸ್ಥಿಪಂಜರಗಳು. ಮಕ್ಕಳು ಅತ್ತ ಓಡುತ್ತಾರೆ, ಓಡಲಿ ಬಿಡಿ. ನಾನು ದೊಡ್ಡವರನ್ನು ಕಂಬಗಳ ಹತ್ತಿರ ಕರೆದೊಯ್ಯುತ್ತೇನೆ. ಅಂಗಳದ ಸುತ್ತಲಿನ ಒಂದೊಂದು ಕಂಬವೂ ಬ್ರಿಟನ್ನಿನ ಬೇರೆ ಬೇರೆ ಕಡೆಯ ಕಲ್ಲು. ಯಾವ ಕಲ್ಲು ಅಂತ ಬುಡದಲ್ಲೇ ಹೆಸರು ಕೆತ್ತಿದ್ದಾರೆ. ಕಂಬದ ತಲೆಯಲ್ಲಿ ಎಲೆ, ಹೂವು, ಬಳ್ಳಿ. ಐರ್ಲೆಂಡಿನಿಂದ ಬಂದ ಓಶೇ ಅಣ್ಣತಮ್ಮಂದಿರು ಬೊಟಾನಿಕ್ ಗಾರ್ಡನ್‌ನಿಂದ ತಂದ ತಾಜಾ ಗಿಡಗಳನ್ನು ಎದುರಿಗೆ ಇಟ್ಟುಕೊಂಡು ಇವನ್ನು ಕೆತ್ತಿದರು. ಕೆಲವು ಕೆತ್ತನೆ ಅರ್ಧಕ್ಕೇ ನಿಂತಿವೆ. ಹಳೇಬೀಡಿನಲ್ಲೂ ಹೀಗೆ ಮುಗಿಯದ ಕೆಲಸ ನೋಡುತ್ತೇವಲ್ಲ, ಹಾಗೆ. ಅಪ್ಪ ಕಂಬದಿಂದ ಕಂಬಕ್ಕೆ ಕಲ್ಲಿನ ಹೆಸರು ಓದುತ್ತಾ ಒಂದು ಸುತ್ತು ಹಾಕಿಯೇಬಿಟ್ಟರು. ಕಟ್ಟಡವನ್ನೇ ಭೂವಿಜ್ಞಾನದ ಪಾಠವಾಗಿ ಕಟ್ಟಿಸಿದ್ದಾರೆ ಅಂತ ಅವರಿಗೆ ಭಾರಿ ಖುಷಿ.

ಡೋಡೊ ಹಕ್ಕಿಯ ಕಥೆ ಕೇಳದೆ ಮುಂದೆ ಹೋಗಬೇಡಿ. ಈ ಹಕ್ಕಿಯ ವಂಶ ಅಳಿದು 300 ವರ್ಷದ ಮೇಲಾಯಿತು. ಚರ್ಮ ಸಮೇತ ಉಳಿದ ಅದರ ತಲೆ ಇರುವುದು ಈ ಮ್ಯೂಸಿಯಂನ ಸಂಗ್ರಹದಲ್ಲಿ ಮಾತ್ರ. ಲಂಡನ್ನಿನಲ್ಲಿ ಸಾಕಿದ್ದ ಹಕ್ಕಿ, ತಾನಾಗೇ ಸತ್ತಿರಬೇಕು ಅಂತ ಬಹಳ ಕಾಲ ನಂಬಿದ್ದರು. 2018ರಲ್ಲಿ ಸ್ಕ್ಯಾನ್ ಮಾಡಿದಾಗ ತಲೆಬುರುಡೆಯಲ್ಲಿ ಸೀಸದ ಚರೆಗಳು ಸಿಕ್ಕವು. ಯಾರೋ ಗುಂಡು ಹೊಡೆದಿದ್ದರು! ಡಾರ್ವಿನ್ ವಾದದ ಬಗ್ಗೆ ವಿಜ್ಞಾನಿ ಹಕ್ಸ್‌ಲಿ ಮತ್ತು ಬಿಷಪ್ ವಿಲ್ಬರ್‌ಫೋರ್ಸ್ ನಡುವೆ ಹೆಸರಾಂತ ಜಟಾಪಟಿ ನಡೆದದ್ದೂ 1860ರಲ್ಲಿ, ಇದೇ ಕಟ್ಟಡದಲ್ಲಿ.

ಇದರ ಹಿಂಬದಿಯ ಬಾಗಿಲು ದಾಟಿದರೆ ಪಿಟ್ ರಿವರ್ಸ್ ಮ್ಯೂಸಿಯಂ. ಬೆಳಕಿನ ಅಂಗಳದಿಂದ ಒಮ್ಮೆಲೇ ಮಬ್ಬುಗತ್ತಲೆಗೆ ಇಳಿದ ಹಾಗಾಗುತ್ತದೆ. ಬಟ್ಟೆ, ಗರಿ, ಬಣ್ಣ ಹಾಳಾಗಬಾರದು ಅಂತ ಬೆಳಕು ಕಡಿಮೆ ಇಟ್ಟಿರುತ್ತಾರೆ.

"ಇಷ್ಟ್ಯಾಕ ಕತ್ತಲಿ ಮಾಡ್ಯಾರೋ? ಓದೂದ ಹ್ಯಾಂಗ?" ಅಂದರು ಅಪ್ಪ. ಮೊಬೈಲ್ ಟಾರ್ಚ್ ಹಚ್ಚಿಕೊಟ್ಟೆ. ಆಮೇಲೆ ಅವರು ನನ್ನ ಕೈಗೇ ಸಿಗಲಿಲ್ಲ.

1884ರಲ್ಲಿ ಶುರುವಾದ ಈ ಮ್ಯೂಸಿಯಂನಲ್ಲಿ ವಸ್ತುಗಳನ್ನು ದೇಶವಾರು ಇಟ್ಟಿಲ್ಲ. ಕೆಲಸವಾರು ಇಟ್ಟಿದ್ದಾರೆ. ಬೀಗಗಳೆಲ್ಲ ಒಂದು ಕಡೆ, ದೀಪಗಳೆಲ್ಲ ಒಂದು ಕಡೆ, ವಾದ್ಯಗಳೆಲ್ಲ ಒಂದು ಕಡೆ. ಆಫ್ರಿಕಾದ್ದು, ನಮ್ಮದು, ಪೆಸಿಫಿಕ್ ದ್ವೀಪಗಳದ್ದು ಎಲ್ಲ ಅಕ್ಕಪಕ್ಕ. ಗಾಜಿನ ಪೆಟ್ಟಿಗೆಗಳಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಸಾಮಾನು. ಎಷ್ಟೋ ವಸ್ತುಗಳಿಗೆ ಚಿಕ್ಕ ಅಕ್ಷರದಲ್ಲಿ ಕೈಯಲ್ಲೇ ಬರೆದ ಚೀಟಿ ಕಟ್ಟಿದ್ದಾರೆ. ಪೆಟ್ಟಿಗೆಗಳ ಕೆಳಗಿನ ಡ್ರಾಯರ್‌ಗಳನ್ನು ನೀವೇ ಎಳೆದು ನೋಡಬಹುದು. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸುಮ್ನೆ ಒಂದು ಎಳೆದು ನೋಡಿ, ಒಳಗೆ ಇನ್ನೊಂದು ರಾಶಿ ಕಾಯುತ್ತಿರುತ್ತದೆ.

ಇಲ್ಲಿ ಮನಸ್ಸು ಸ್ವಲ್ಪ ಕಸಿವಿಸಿಯಾಗುವುದೂ ನಿಜ. ಇಷ್ಟೆಲ್ಲ ಇಲ್ಲಿಗೆ ಬಂದದ್ದು ಹೇಗೆ? ಕೊಂಡದ್ದು, ಕಾಣಿಕೆ ಬಂದದ್ದು ಇದೆ, ದೋಚಿ ತಂದದ್ದೂ ಇದೆ. ಮೊದಲು ಇಲ್ಲಿ ದಕ್ಷಿಣ ಅಮೆರಿಕದ ಕುಗ್ಗಿಸಿದ ಮನುಷ್ಯರ ತಲೆಗಳೇ ದೊಡ್ಡ ಆಕರ್ಷಣೆ ಆಗಿದ್ದವು. 2020ರಲ್ಲಿ ಅವನ್ನು ಪ್ರದರ್ಶನದಿಂದ ತೆಗೆದರು. ಹಳೆ ಗೈಡ್ ಪುಸ್ತಕ ಓದಿಕೊಂಡು ಹುಡುಕಬೇಡಿ. ತೆಗೆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಊಟಕ್ಕೆ ನಾನು ಮನೆಯಿಂದ ಚಪಾತಿ ಪಲ್ಯ ಕಟ್ಟಿಕೊಂಡು ಹೋಗುತ್ತೇನೆ. ಪಕ್ಕದಲ್ಲೇ ಯೂನಿವರ್ಸಿಟಿ ಪಾರ್ಕ್ಸ್ ಇದೆ, ಬೆಂಚುಗಳಿವೆ. ಅದೃಷ್ಟ ಇದ್ದರೆ ಕ್ರಿಕೆಟ್ ಮ್ಯಾಚು ನಡೆಯುತ್ತಿರುತ್ತದೆ.

ಊಟವಾದ ಮೇಲೆ ಬ್ರಾಡ್ ಸ್ಟ್ರೀಟ್. ಪರೀಕ್ಷೆ ಕಾಲವಾದರೆ ದಾರಿಯಲ್ಲಿ ಕಪ್ಪು ಗೌನಿನ ಹುಡುಗ ಹುಡುಗಿಯರು ಸಿಗುತ್ತಾರೆ. ಅವರ ಎದೆಯ ಮೇಲಿನ ಕಾರ್ನೇಶನ್ ಹೂವು ನೋಡಿ. ಬಿಳಿ ಇದ್ದರೆ ಮೊದಲ ಪೇಪರ್, ಗುಲಾಬಿ ಬಣ್ಣ ಇದ್ದರೆ ನಡುವಿನವು, ಕೆಂಪು ಇದ್ದರೆ ಕೊನೆಯದು. ಕೆಂಪು ಹೂವಿನ ಒಬ್ಬ ಹುಡುಗನಿಗೆ ಅಪ್ಪ ಕೈ ಕುಲುಕಿ ಅಭಿನಂದನೆ ಹೇಳಿದರು. ಅವನಿಗೆ ನಾಚಿಕೆಯೋ ನಾಚಿಕೆ.

ಬ್ರಾಡ್ ಸ್ಟ್ರೀಟಿನ ಪೂರ್ವದ ತುದಿಯ ಮೂಲೆ ಕಟ್ಟಡದ ಮೇಲೆ ತಲೆ ಎತ್ತಿ ನೋಡಿದರೆ ಗಾಳಿಯ ದಿಕ್ಕು ತೋರಿಸುವ ಒಂದು ಆನೆ ಕಾಣುತ್ತದೆ. ಇದು ಹಿಂದೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಗಿತ್ತು. ಸಂಸ್ಕೃತ ನಿಘಂಟಿನ ಮೋನಿಯರ್ ವಿಲಿಯಮ್ಸ್ ಹಣ ಕೂಡಿಸಿ ಕಟ್ಟಿಸಿದ್ದು. 1883ರಲ್ಲಿ ಅಡಿಗಲ್ಲು ಹಾಕಿದರು.

ಅದೇ ಬೀದಿಯಲ್ಲಿ ಹಿಸ್ಟರಿ ಆಫ್ ಸೈನ್ಸ್ ಮ್ಯೂಸಿಯಂ. ಚಿಕ್ಕದು. ಜನ ಹೊರಗಿಂದಲೇ ಫೋಟೊ ಹೊಡೆದು ಮುಂದೆ ಹೋಗುತ್ತಾರೆ. ನನಗಂತೂ ಇದರಷ್ಟು ಇಷ್ಟವಾದದ್ದು ಇನ್ನೊಂದಿಲ್ಲ. 1683ರಲ್ಲಿ ಆಶ್ಮೋಲಿಯನ್ ಮ್ಯೂಸಿಯಂ ಶುರುವಾದದ್ದು ಈ ಕಟ್ಟಡದಲ್ಲೇ, ಈಗ ಅದು ಬೇರೆ ಕಡೆ ಇದೆ. ನೆಲಮಾಳಿಗೆಗೆ ಇಳಿದರೆ ಗೋಡೆಯ ಮೇಲೆ ಒಂದು ಕಪ್ಪುಹಲಗೆ ಇದೆ. 1931ರ ಮೇ 16ರಂದು ಐನ್‌ಸ್ಟೈನ್ ಇದೇ ಊರಿನ ರೋಡ್ಸ್ ಹೌಸ್‌ನಲ್ಲಿ ಉಪನ್ಯಾಸ ಕೊಟ್ಟಾಗ ಬಳಸಿದ ಹಲಗೆ. ಮಾತು ಮುಗಿದ ಮೇಲೆ ಅಳಿಸಲು ಬಿಡದೆ ತೆಗೆದಿಟ್ಟುಕೊಂಡರು. ಸೀಮೆಸುಣ್ಣದ ಅಕ್ಷರ ಈಗಲೂ ಹಾಗೇ ಇದೆ. ಮೇಲೆ ಸಮೀಕರಣಗಳು, ಕೆಳಗಿನ ಸಾಲುಗಳಲ್ಲಿ ಅಂಕಿಗಳು: ವಿಶ್ವದ ಸಾಂದ್ರತೆ, ಗಾತ್ರ, ಕಟ್ಟಕಡೆಗೆ ವಯಸ್ಸು. ವಯಸ್ಸಿನ ಕಡೆ ಹತ್ತರ ಹತ್ತನೇ ಘಾತ, ಅಂದರೆ 1000 ಕೋಟಿ ವರ್ಷ. ಪಕ್ಕದಲ್ಲೇ ಕಂಸದೊಳಗೆ ಅದರ ಹತ್ತು ಪಟ್ಟು.

ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತರು. ಆಯುಷ್ಯವೆಲ್ಲ ಹಲಗೆ ಒರೆಸಿದ ಕೈ ಅದು. "ಅಂವಗೂ ಖಾತ್ರಿ ಇರಲಿಲ್ಲ ನೋಡು. ಬ್ರಾಕೆಟ್ಟಿನ್ಯಾಗ ಇನ್ನೊಂದು ಬರದಾನ" ಅಂದರು. ಇವತ್ತಿನ ಲೆಕ್ಕ ಸುಮಾರು 1380 ಕೋಟಿ ವರ್ಷ. ಕಂಸದ ಹೊರಗಿನ ಅಂಕಿಯೇ ಹತ್ತಿರ ಬಂತು.

ಬಾಡ್ಲಿಯನ್ ಲೈಬ್ರರಿ ಅಲ್ಲಿಂದ ನಾಲ್ಕು ಹೆಜ್ಜೆ. ಇದಕ್ಕೆ ಮಾತ್ರ ದುಡ್ಡು ಕೊಡಿ ಅನ್ನುತ್ತೇನೆ. ಗೈಡ್ ಜೊತೆಗಿನ ಟೂರ್ ತಗೊಂಡರೆ ಡ್ಯೂಕ್ ಹಂಫ್ರಿ ಓದುಕೋಣೆಯ ತನಕ ಹೋಗಬಹುದು. ಮೊದಲೇ ಬುಕ್ ಮಾಡಿ. 1602ರಲ್ಲಿ ತೆರೆದ ಲೈಬ್ರರಿ. ಒಂದು ಕಾಲದಲ್ಲಿ ಇಲ್ಲಿ ಪುಸ್ತಕಗಳಿಗೆ ಸರಪಳಿ ಹಾಕಿದ್ದರು. ಇಂದಿಗೂ ಹೊಸ ಓದುಗರು ಒಂದು ಪ್ರತಿಜ್ಞೆ ಮಾಡಬೇಕು: ಪುಸ್ತಕಕ್ಕೆ ಗೀಟು ಎಳೆಯುವುದಿಲ್ಲ, ಒಳಗೆ ಬೆಂಕಿ ತರುವುದಿಲ್ಲ, ಹಚ್ಚುವುದಿಲ್ಲ ಅಂತ. ಹಳೆ ಓದುಕೋಣೆಗೆ ಮೆಟ್ಟಿಲಿವೆ, ಹೊರಗಿನ ರ‍್ಯಾಡ್‌ಕ್ಲಿಫ್ ಚೌಕದಲ್ಲಿ ಉರುಟು ಕಲ್ಲಿನ ನೆಲ. ಮಂಡಿನೋವು ಇರುವವರು ನೋಡಿಕೊಂಡು ನಡೆಯಬೇಕು. ಅವ್ವ ಟೂರಿಗೆ ಬರಲಿಲ್ಲ. ಎದುರಿನ ವೆಸ್ಟನ್ ಲೈಬ್ರರಿಯಲ್ಲಿ ಕಾಫಿ ಕುಡಿಯುತ್ತಾ ಕೂತಳು. ಅಲ್ಲೂ ಒಂದು ಪುಕ್ಕಟೆ ಪ್ರದರ್ಶನ ಇರುತ್ತದೆ.

ಕೊನೆಗೆ ಬ್ಯೂಮಾಂಟ್ ಸ್ಟ್ರೀಟಿನ ಆಶ್ಮೋಲಿಯನ್. ಇದು ಎಲ್ಲಕ್ಕಿಂತ ದೊಡ್ಡದು, ಲಿಫ್ಟ್ ಇದೆ, ಕೂರಲು ಜಾಗ ಇದೆ. ದಣಿದ ಹೊತ್ತಿಗೆ ಸರಿಹೊಂದುತ್ತದೆ. ಅವ್ವನನ್ನು ಕರೆದೊಯ್ದದ್ದು ತಾಮ್ಲುಕ್ ಯಕ್ಷಿಯ ಹತ್ತಿರ. ಬಂಗಾಳದಲ್ಲಿ ಸಿಕ್ಕ ಸುಟ್ಟ ಮಣ್ಣಿನ ಫಲಕ, ಎರಡು ಸಾವಿರ ವರ್ಷಕ್ಕೂ ಹಳೆಯದು. ಎತ್ತರ ಹೆಚ್ಚೆಂದರೆ ಒಂದು ಗೇಣು. ಅಷ್ಟರಲ್ಲಿ ಬಳೆ, ಡಾಬು, ಹಾರ, ದಪ್ಪ ಓಲೆ. ಕೂದಲಿಗೆ ಸಿಕ್ಕಿಸಿದ ಪಿನ್ನುಗಳೋ, ಆಯುಧಗಳ ಆಕಾರದವು.

"ಮೈಮ್ಯಾಲೆ ಬೊಟ್ಟಿನಷ್ಟೂ ಜಾಗಾ ಬಿಟ್ಟಿಲ್ಲಲ್ಲೋ ಈಕಿ!" ಅಂತ ಅವ್ವ ಗಾಜಿಗೆ ಮೂಗು ತಾಗಿಸಿ ಒಂದೊಂದೇ ಒಡವೆ ಎಣಿಸಿದಳು.

ಭಾರತದ ವಿಭಾಗಕ್ಕೆ ಬಂದವರಿಗೆಲ್ಲ ನಾನು ಒಂದು ಕಂಚಿನ ಮೂರ್ತಿಯ ಕಥೆ ಹೇಳುತ್ತೇನೆ. ತಮಿಳು ವೈಷ್ಣವ ಸಂತ ತಿರುಮಂಗೈ ಆಳ್ವಾರರದ್ದು, 16ನೇ ಶತಮಾನದ್ದು. ಮ್ಯೂಸಿಯಂ ಇದನ್ನು 1967ರಲ್ಲಿ ಸದಬೀಸ್ ಹರಾಜಿನಲ್ಲಿ ಕೊಂಡಿತ್ತು. ಅದೇ ಮೂರ್ತಿ 1957ರಲ್ಲಿ ತಮಿಳುನಾಡಿನ ದೇವಸ್ಥಾನವೊಂದರಲ್ಲಿ ಇದ್ದ ಫೋಟೊ ಆಮೇಲೆ ಸಿಕ್ಕಿತು. 2024ರಲ್ಲಿ ಯೂನಿವರ್ಸಿಟಿ ಇದನ್ನು ಭಾರತಕ್ಕೆ ಹಿಂತಿರುಗಿಸಲು ಒಪ್ಪಿತು. ಕಥೆ ಕೇಳಿ ಅಪ್ಪ ಅಂದದ್ದು ಇಷ್ಟೇ: "ಒಂದು ಫೋಟೊ ಇತ್ತಂತ ಸಿಕ್ತು. ಫೋಟೊ ಇಲ್ಲದ್ದರ ಗತಿ?"

ಆಶ್ಮೋಲಿಯನ್ ಸಂಜೆ 5ಕ್ಕೆ ಮುಚ್ಚುತ್ತದೆ. ಮ್ಯೂಸಿಯಂಗಳಿಗೆ ಸೋಮವಾರ ಹೋಗಬೇಡಿ. ಪಿಟ್ ರಿವರ್ಸ್ ಅವತ್ತು ಮಧ್ಯಾಹ್ನ ತೆರೆಯುತ್ತದೆ, ಹಿಸ್ಟರಿ ಆಫ್ ಸೈನ್ಸ್ ತೆರೆಯುವುದೇ ಇಲ್ಲ. ಸೂಟ್‌ಕೇಸ್ ತಗೊಂಡು ಬರಬೇಡಿ, ಒಳಗೆ ಬಿಡುವುದಿಲ್ಲ. ಐದರ ಮೇಲೂ ಕಾಲಲ್ಲಿ ಶಕ್ತಿ ಇದ್ದರೆ ಕಾಲೇಜುಗಳನ್ನು ಹೊರಗಿಂದ ನೋಡಿಕೊಂಡು ಒಂದು ಸುತ್ತು ಹಾಕಿ, ಅದಕ್ಕೆ ದುಡ್ಡಿಲ್ಲ. ಧಾರವಾಡದವರಾದರೆ ಸೇಂಟ್ ಮೈಕಲ್ಸ್ ಸ್ಟ್ರೀಟಿನ ಆಕ್ಸ್‌ಫರ್ಡ್ ಯೂನಿಯನ್ (ಇಲ್ಲಿನ ವಿದ್ಯಾರ್ಥಿಗಳ ಚರ್ಚಾ ಸಂಘ) ಕಡೆ ಹೋಗದೆ ಬಿಡುವುದಿಲ್ಲ. ಕರ್ನಾಟಕ ಕಾಲೇಜಿನಲ್ಲಿ ಓದಿ ಬಂದ ಗಿರೀಶ ಕಾರ್ನಾಡರು 1960ರ ದಶಕದ ಆರಂಭದಲ್ಲಿ ಇದರ ಅಧ್ಯಕ್ಷರಾಗಿದ್ದರು. ಅಪ್ಪ ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಕೂಡಲೇ ಧಾರವಾಡದ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದರು.

ರಾತ್ರಿ ಉಳಿಯುವವರು ಕ್ರೈಸ್ಟ್ ಚರ್ಚ್ ಕಾಲೇಜಿನ ಹತ್ತಿರ 9 ಗಂಟೆ 5 ನಿಮಿಷಕ್ಕೆ ಇರಿ. ಅಲ್ಲಿನ ಗ್ರೇಟ್ ಟಾಮ್ ಎಂಬ ದೊಡ್ಡ ಗಂಟೆ 101 ಸಲ ಹೊಡೆಯುತ್ತದೆ. ಆಕ್ಸ್‌ಫರ್ಡಿನ ಹಳೆ ಸ್ಥಳೀಯ ಸಮಯ ಗ್ರೀನಿಚ್‌ಗಿಂತ ಐದು ನಿಮಿಷ ಹಿಂದೆ. ಆ ಲೆಕ್ಕದಲ್ಲಿ ಕಾಲೇಜಿನವರಿಗೆ ಆಗ ಸರಿಯಾಗಿ 9 ಗಂಟೆ. ನಾವು ಅಷ್ಟು ಹೊತ್ತು ಕಾಯಲಿಲ್ಲ, ಏಳೂವರೆಗೇ ರೈಲು ಹತ್ತಿದೆವು.