ಮಗುವಿನ ಕೈಗೆ ಯಾವ ಪುಸ್ತಕ? ಇಂಗ್ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮಗು ರಿಸೆಪ್ಷನ್ ಎಂಬ ಶಾಲೆಯ ಮೊದಲ ವರ್ಷದ ತರಗತಿಗೆ ಸೇರಿದ ಸ್ವಲ್ಪ ದಿನಕ್ಕೇ ಬುಕ್ ಬ್ಯಾಗ್‌ನಲ್ಲಿ ಒಂದು ತೆಳ್ಳನೆ ಪುಸ್ತಕ ಮನೆಗೆ ಬರುತ್ತದೆ. ಜೊತೆಗೆ ರೀಡಿಂಗ್ ರೆಕಾರ್ಡ್ ಎನ್ನುವ ಪುಟ್ಟ ಡೈರಿ. ಪುಸ್ತಕ ತೆರೆದರೆ ಎಷ್ಟೋ ಸಲ ಬರೀ ಚಿತ್ರ, ಒಂದಕ್ಷರವೂ ಇರುವುದಿಲ್ಲ. "ಅಲ್ಲಿ ಯುಕೆಜಿಯಲ್ಲೇ ವಾಕ್ಯ ಓದುತ್ತಿದ್ದಳು, ಇಲ್ಲಿ ನೋಡಿದರೆ ಚಿತ್ರದ ಪುಸ್ತಕ ಕೊಟ್ಟಿದ್ದಾರಲ್ಲ" ಎಂದು ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಸೆಪ್ಟೆಂಬರ್ ಬಂದರೆ ಯಾರಾದರೂ ಕೇಳುತ್ತಾರೆ. ಗಾಬರಿ ಬೇಡ. ಆ ಚಿತ್ರ ನೋಡಿ ಮಗು ಕಥೆ ಕಟ್ಟಿ ಹೇಳಬೇಕು, ಅಷ್ಟೇ. ಕನ್ನಡದಲ್ಲಿ ಹೇಳಿದರೂ ಆಯಿತು. ಮೊದಲೇನಾಯಿತು, ಆಮೇಲೇನಾಯಿತು ಎಂದು ಜೋಡಿಸಿ ಹೇಳಲು ಬಂದರೆ ಓದಿಗೆ ಅದೇ ಬುನಾದಿ.

ಈ ಬರಹ ಇಂಗ್ಲೆಂಡಿನ ಪ್ರೈಮರಿ ಶಾಲೆಗಳ ಬಗ್ಗೆ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕ್ರಮ ಬೇರೆ. ಆದರೆ ಲೈಬ್ರರಿ ಮತ್ತು ಕನ್ನಡ ಪುಸ್ತಕಗಳ ಮಾತು ಎಲ್ಲರಿಗೂ ಸಲ್ಲುತ್ತದೆ.

ಶಾಲೆಯ ಪುಸ್ತಕ ಬೇರೆ, ಓದುವ ಖುಷಿಯ ಪುಸ್ತಕ ಬೇರೆ

ಶಾಲೆಯಿಂದ ಸಾಮಾನ್ಯವಾಗಿ ಎರಡು ಬಗೆಯ ಪುಸ್ತಕ ಬರುತ್ತವೆ. ಒಂದು, ಮಗು ತಾನೇ ಓದಬೇಕಾದ ಅಭ್ಯಾಸದ ಪುಸ್ತಕ. ಅದರಲ್ಲಿರುವುದು ಮಗು ಆಗಲೇ ಕಲಿತ ಧ್ವನಿಗಳ ಪದಗಳೇ. ಕಥೆ ಸಪ್ಪೆ ಅನ್ನಿಸಬಹುದು, ಯಾಕೆಂದರೆ ಅದರ ಕೆಲಸ ಕಥೆ ಹೇಳುವುದಲ್ಲ. ಇನ್ನೊಂದು, ನೀವು ಮಗುವಿಗೆ ಓದಿ ಹೇಳಬೇಕಾದದ್ದು. ಇದರಲ್ಲಿ ಕಷ್ಟದ ಪದಗಳು ಇದ್ದೇ ಇರುತ್ತವೆ. ಹೊಸಬರು ಎಡವುವುದು ಇಲ್ಲೇ: ಎರಡನೆಯ ಪುಸ್ತಕವನ್ನು ಮಗುವಿನ ಮುಂದಿಟ್ಟು "ಓದು" ಎಂದು ಕೂರಿಸುತ್ತಾರೆ. ಮಗು ತಡವರಿಸುತ್ತದೆ, ನಮಗೆ ಸಿಟ್ಟು ಬರುತ್ತದೆ, ಅಲ್ಲಿಗೆ ಆ ಸಂಜೆ ಮುಗಿಯಿತು. ಯಾವುದು ಯಾವುದಕ್ಕೆ ಎಂದು ಮೊದಲ ವಾರವೇ ಟೀಚರ್ ಹತ್ತಿರ ಕೇಳಿಕೊಳ್ಳಿ.

ಅಭ್ಯಾಸದ ಪುಸ್ತಕಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಒಂದೇ ಪುಸ್ತಕವನ್ನು ಎರಡು ಮೂರು ಸಲ ಓದಿಸಬೇಕಾಗಬಹುದು. ಅದು ಬೇಕೆಂದೇ ಮಾಡುವುದು. ಮೊದಲ ಸಲ ಪದ ಬಿಡಿಸುವುದರಲ್ಲೇ ಗಮನವೆಲ್ಲ ಹೋಗುತ್ತದೆ, ಅರ್ಥ ತಲೆಗೆ ಹೋಗುವುದು ಆಮೇಲೆ. ಡೈರಿಯಲ್ಲಿ "ಚೆನ್ನಾಗಿ ಓದಿದಳು" ಎಂದಷ್ಟೇ ಬರೆದರೆ ಟೀಚರ್‌ಗೆ ಏನೂ ತಿಳಿಯುವುದಿಲ್ಲ. ಎಲ್ಲಿ ನಿಂತಳು, ಯಾವ ಪದ ತೊಡಕಾಯಿತು, ಯಾವ ಪುಟಕ್ಕೆ ನಕ್ಕಳು ಎಂದು ಒಂದು ಸಾಲು ಬರೆಯಿರಿ. ಇಂಗ್ಲಿಷ್ ವ್ಯಾಕರಣದ ಚಿಂತೆ ಬೇಡ, ಯಾರೂ ಅಂಕ ಹಾಕುವುದಿಲ್ಲ.

ಫೋನಿಕ್ಸ್: ನಮಗೆ ಅರ್ಧಾಕ್ಷರ ಗೊತ್ತಿದೆಯಲ್ಲ

ಇಲ್ಲಿ ಎ-ಬಿ-ಸಿ ಎಂಬ ಹೆಸರುಗಳಿಂದ ಶುರು ಮಾಡುವುದಿಲ್ಲ. ಅಕ್ಷರದ ಧ್ವನಿಯಿಂದ ಶುರು ಮಾಡುತ್ತಾರೆ, ಇದೇ ಫೋನಿಕ್ಸ್. ಹೆಚ್ಚಿನ ಶಾಲೆಗಳಲ್ಲಿ ಮೊದಲು ಬರುವ ಗುಂಪು ಎಸ್, ಎ, ಟಿ, ಪಿ, ಐ, ಎನ್. ಎಸ್ ಅನ್ನು "ಎಸ್" ಎನ್ನಬಾರದು, "ಸ" ಅಂತಲೂ ಎನ್ನಬಾರದು. "ಸ್" ಎನ್ನಬೇಕು. ಕ್ಯಾಟ್ ಎಂದರೆ ಕ್-ಆ್ಯ-ಟ್. ಕೊನೆಗೆ "ಅ" ಸೇರಿಸಿ "ಕ-ಆ್ಯ-ಟ" ಎಂದರೆ ಮಗುವಿಗೆ ಕೂಡಿಸಲು ಬರುವುದಿಲ್ಲ. ಇಲ್ಲಿನ ತಂದೆತಾಯಿಯರೂ ಇದರಲ್ಲಿ ತಪ್ಪುತ್ತಾರೆ, ಅದಕ್ಕೇ ಶಾಲೆಗಳು ಪೋಷಕರಿಗೂ ಒಂದು ಪಾಠ ಇಡುತ್ತವೆ. ಸ್ವರ ಸೇರದ ವ್ಯಂಜನ ಏನೆಂದು ಕಾಗುಣಿತ ಕಲಿತವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದರಲ್ಲಿ ಮಾತ್ರ ನಾವು ಎಚ್ಚರ ವಹಿಸಬೇಕು: ವಿ ಮತ್ತು ಡಬ್ಲ್ಯು. ನಮಗೆ ಎರಡೂ "ವ". ಮಗು ಶಾಲೆಯಲ್ಲಿ ಹೇಗೆ ಹೇಳಿಕೊಟ್ಟಿದ್ದಾರೋ ಹಾಗೆ ಹೇಳಲಿ, ನೀವು ತಿದ್ದಲು ಹೋಗಬೇಡಿ.

ರಿಸೆಪ್ಷನ್ ಆದ ಮರುವರ್ಷ, ಇಯರ್ 1ರ ಜೂನ್‌ನಲ್ಲಿ ಫೋನಿಕ್ಸ್ ಸ್ಕ್ರೀನಿಂಗ್ ಚೆಕ್ ಇರುತ್ತದೆ. 2012ರಿಂದ ಇದು ನಡೆಯುತ್ತಿದೆ. ಟೀಚರ್ ಎದುರು ಕೂತು 40 ಪದ ಓದಬೇಕು. ಅದರಲ್ಲಿ 20 ಅರ್ಥವೇ ಇಲ್ಲದ ಪದಗಳು. ಮಗು ನೆನಪಿನಿಂದ ಹೇಳದೆ ಬಿಡಿಸಿ ಓದುತ್ತದೆಯೇ ಎಂದು ನೋಡುವ ಉಪಾಯ ಅದು. ಇಂಗ್ಲಿಷ್ ಪದ ಜಾಸ್ತಿ ಗೊತ್ತಿಲ್ಲದ ನಮ್ಮ ಮಕ್ಕಳಿಗೆ ಇದೇ ಅನುಕೂಲ, ಯಾಕೆಂದರೆ ಆ ಪದಗಳು ಎಲ್ಲರಿಗೂ ಹೊಸವು! ಸಾಲದೆ ಬಂದರೆ ಇಯರ್ 2ರಲ್ಲಿ ಮತ್ತೆ ಮಾಡಿಸುತ್ತಾರೆ. ಟ್ಯೂಷನ್‌ಗೆ ಓಡುವಂಥದ್ದೇನಲ್ಲ.

ಬಣ್ಣದ ಲೆಕ್ಕ

ಅನೇಕ ಶಾಲೆಗಳು ಪುಸ್ತಕಗಳಿಗೆ ಬಣ್ಣದ ಪಟ್ಟಿ ಹಚ್ಚಿರುತ್ತವೆ: ಪಿಂಕ್, ರೆಡ್, ಯೆಲ್ಲೋ, ಬ್ಲೂ, ಗ್ರೀನ್, ಆರೆಂಜ್, ಟರ್ಕಾಯ್ಸ್, ಪರ್ಪಲ್, ಗೋಲ್ಡ್, ವೈಟ್, ಲೈಮ್. ಇವೆಲ್ಲ ದಾಟಿದ ಮೇಲೆ ಮಗು "ಫ್ರೀ ರೀಡರ್", ಎಂದರೆ ತನಗೆ ಬೇಕಾದ್ದು ಆರಿಸಿಕೊಳ್ಳಬಹುದು. ದಯವಿಟ್ಟು ಈ ಬಣ್ಣವನ್ನು ರ‍್ಯಾಂಕ್ ಮಾಡಬೇಡಿ. "ಪಕ್ಕದ ಮನೆಯವಳು ಟರ್ಕಾಯ್ಸ್, ನಮ್ಮವನು ಇನ್ನೂ ಬ್ಲೂ" ಎಂಬ ಮಾತು ಮಗುವಿನ ಕಿವಿಗೆ ಬಿದ್ದರೆ ಓದು ಅಲ್ಲಿಗೇ ಪರೀಕ್ಷೆಯಾಗುತ್ತದೆ. ಬೇಗ ಬೇಗ ಬಣ್ಣ ಏರಿದ ಮಗು ಪದ ಸರಾಗವಾಗಿ ಓದಿ, "ಅವನು ಯಾಕೆ ಅತ್ತ?" ಎಂದು ಕೇಳಿದರೆ ಸುಮ್ನೆ ಮುಖ ನೋಡುವುದುಂಟು. ನಮ್ಮ ಮಕ್ಕಳಲ್ಲಿ ಇದು ಜಾಸ್ತಿ. ಓದು ಮುಂದೆ ಓಡಿರುತ್ತದೆ, ಭಾಷೆ ಹಿಂದೆ ಉಳಿದಿರುತ್ತದೆ. ಟೀಚರ್ ಬಣ್ಣ ಬದಲಿಸದಿದ್ದರೆ ಬಹುಪಾಲು ಕಾರಣ ಅದೇ.

ಮನೆಯಲ್ಲಿ ಏನು ಓದಬೇಕು?

ಇಲ್ಲಿ ನಾವು ಕೊಡುವುದು ನಮ್ಮ ಅಭಿರುಚಿಯ ಪಟ್ಟಿ. ಸಂಪೂರ್ಣವೇನಲ್ಲ.

ನಾಲ್ಕರಿಂದ ಆರು ವರ್ಷದವರಿಗೆ ನೀವೇ ಗಟ್ಟಿಯಾಗಿ ಓದಿ. ಮೈಕಲ್ ರೋಸೆನ್ ಬರೆದು ಹೆಲೆನ್ ಆಕ್ಸೆನ್‌ಬರಿ ಚಿತ್ರ ಬರೆದ "ವಿ ಆರ್ ಗೋಯಿಂಗ್ ಆನ್ ಎ ಬೇರ್ ಹಂಟ್" (1989) ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. ಹುಲ್ಲು, ಹೊಳೆ, ಕೆಸರು ದಾಟುತ್ತ ಹೋಗುವ ಕಥೆ. ಕೆಸರು ಬಂದಾಗ ಪಚಪಚ ಎಂದು ಕನ್ನಡದಲ್ಲೇ ಹೇಳಿ, ಮಗು ನಗುತ್ತದೆ. ಐಲೀನ್ ಬ್ರೌನ್ ಅವರ "ಹ್ಯಾಂಡಾಸ್ ಸರ್ಪ್ರೈಸ್" ತರಗತಿಯಲ್ಲೂ ಬರುವ ಸಾಧ್ಯತೆ ಹೆಚ್ಚು. ಕೀನ್ಯಾದ ಹುಡುಗಿ ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಗೆಳತಿಯ ಊರಿಗೆ ಹೊರಟಿದ್ದಾಳೆ. ಹಿಂದಿನಿಂದ ಪ್ರಾಣಿಗಳು ಒಂದೊಂದೇ ಹಣ್ಣು ಎತ್ತುತ್ತವೆ. ಆ ಕಳ್ಳತನದ ಬಗ್ಗೆ ಬರಹದಲ್ಲಿ ಮಾತೇ ಇಲ್ಲ, ಚಿತ್ರದಲ್ಲಷ್ಟೇ ಕಾಣುತ್ತದೆ. ಸೀಬೆ, ಮಾವು, ಅನಾನಸ್ ಎಲ್ಲ ನಮ್ಮ ಮಗುವಿಗೆ ಗೊತ್ತು. ತರಗತಿಯಲ್ಲಿ ಬಾಯಿ ಬಿಡದ ಮಗು ಸೀಬೆಹಣ್ಣಿನ ಬಗ್ಗೆಯಾದರೂ ಮಾತಾಡುತ್ತದೆ. ಜೂಲಿಯಾ ಡೊನಾಲ್ಡ್‌ಸನ್ ಅವರ "ದಿ ಗ್ರಫಲೋ" (1999) ಓದಿದ ಮೇಲೆ ಪಂಚತಂತ್ರದ ಸಿಂಹ-ಮೊಲದ ಕಥೆ ಕನ್ನಡದಲ್ಲಿ ಹೇಳಿ. ಚಿಕ್ಕದು ದೊಡ್ಡದನ್ನು ಬುದ್ಧಿಯಿಂದ ಗೆಲ್ಲುವುದು ಎರಡರಲ್ಲೂ ಇದೆ.

ಏಳರಿಂದ ಒಂಬತ್ತರ ಮಕ್ಕಳಿಗೆ ನಗು ಬೇಕು. ಲಿಜ್ ಪಿಚನ್ ಅವರ ಟಾಮ್ ಗೇಟ್ಸ್ ಸರಣಿಯಲ್ಲಿ ಪುಟದ ತುಂಬ ಗೀಚು ಚಿತ್ರಗಳು. "ದಿ ಫೀನಿಕ್ಸ್" ಎಂಬ ವಾರದ ಕಾಮಿಕ್ ಬರುತ್ತದೆ. ಟೆರಿ ಡಿಯರಿ ಶುರು ಮಾಡಿದ "ಹಾರಿಬಲ್ ಹಿಸ್ಟರೀಸ್" ಇದೆ. "ಇದೆಲ್ಲ ಓದೇ ಅಲ್ಲ" ಎನ್ನುವ ಅಪ್ಪಂದಿರಿಗೆ ನಮ್ಮ ಉತ್ತರ: ಓದೇ. ಚಂದಮಾಮ, ಅಮರ ಚಿತ್ರಕಥೆ ಓದಿಯೇ ಅಲ್ವಾ ನಾವೂ ಓದುಗರಾದದ್ದು?

ಹತ್ತು-ಹನ್ನೊಂದಕ್ಕೆ ವಿಷಯ ಗಂಭೀರವಾಗುತ್ತದೆ. ಒಂಜಲಿ ರವುಫ್ ಅವರ "ದಿ ಬಾಯ್ ಅಟ್ ದ ಬ್ಯಾಕ್ ಆಫ್ ದ ಕ್ಲಾಸ್" (2018) ಸಿರಿಯಾದಿಂದ ಬಂದ ನಿರಾಶ್ರಿತ ಹುಡುಗನ ಕಥೆ. ಹೊಸ ಶಾಲೆ, ಬಾರದ ಭಾಷೆ, ಒಂಟಿತನ ಎಲ್ಲ ಇವೆ. ತಾನೇ ಹೊಸದಾಗಿ ಬಂದ ಮಗುವಿಗೆ ಇದನ್ನು ಕೊಟ್ಟು ಸುಮ್ಮನಾಗಬೇಡಿ, ಜೊತೆಗೆ ಓದಿ. ಮಿಶೆಲ್ ಮಗೋರಿಯನ್ ಅವರ "ಗುಡ್‌ನೈಟ್ ಮಿಸ್ಟರ್ ಟಾಮ್" (1981) ಎರಡನೆಯ ಮಹಾಯುದ್ಧದ ಪಾಠದ ಜೊತೆ ಅನೇಕ ಶಾಲೆಗಳಲ್ಲಿ ಬರುತ್ತದೆ. ಒಳ್ಳೆಯ ಕಾದಂಬರಿ. ಆದರೆ ತಾಯಿಯೇ ಮಗುವನ್ನು ಹಿಂಸಿಸುವ ಭಾಗಗಳಿವೆ, ಮೊದಲು ನೀವು ಓದಿ.

ಇನ್ನೊಂದು ಮಾತು. ಇಲ್ಲಿನ ಮಕ್ಕಳಿಗೆ ಯುದ್ಧಕಾಲದ ರೇಷನ್, ಕೋಟೆ, ರೋಮನ್ನರು ಎಲ್ಲ ಅಜ್ಜ-ಅಜ್ಜಿಯ ಮಾತಿನಲ್ಲಿ, ಟಿವಿಯಲ್ಲಿ, ಊರಿನ ಮ್ಯೂಸಿಯಂನಲ್ಲಿ ಆಗಲೇ ಸಿಕ್ಕಿರುತ್ತವೆ. ನಮ್ಮ ಮಕ್ಕಳಿಗೆ ಇಲ್ಲ. ಕ್ಲಾಸ್ ರೀಡರ್, ಎಂದರೆ ಇಡೀ ತರಗತಿ ಒಟ್ಟಿಗೆ ಓದುವ ಪುಸ್ತಕ, ಅರ್ಥವಾಗದಿದ್ದರೆ ತೊಂದರೆ ಇಂಗ್ಲಿಷ್‌ನದ್ದೇ ಆಗಿರಬೇಕಿಲ್ಲ. ಮುಂದಿನ ಅರ್ಧ ಅವಧಿಯ, ಎಂದರೆ ಹಾಫ್ ಟರ್ಮ್‌ನ ವಿಷಯ ಯಾವುದೆಂದು ಶಾಲೆಯ ವೆಬ್‌ಸೈಟಿನಲ್ಲಿ ನೋಡಿ, ಅದರ ಬಗ್ಗೆ ಒಂದು ಚಿತ್ರದ ಪುಸ್ತಕವನ್ನು ಮುಂಚೆಯೇ ತಂದು ಓದಿಸಿ. ಇದರಷ್ಟು ಉಪಯೋಗದ ಕೆಲಸ ಬೇರೆ ಇಲ್ಲ.

ದೊಡ್ಡವರಾದ ಮೇಲೆ ಬಂದ ಮಕ್ಕಳು

ಕನ್ನಡ ಮಾಧ್ಯಮದಲ್ಲಿ ಓದಿ ಒಂಬತ್ತು, ಹತ್ತನೇ ವಯಸ್ಸಿಗೆ ಬಂದವರ ಕಷ್ಟ ಬೇರೆ. ಅವರ ಕೈಗೆ ಪಿಂಕ್ ಪಟ್ಟಿಯ ಪುಸ್ತಕ ಕೊಟ್ಟರೆ ಅವಮಾನ, ಕಾದಂಬರಿ ಕೊಟ್ಟರೆ ತಲೆಬುಡ ತಿಳಿಯದು. ಅಂಥವರಿಗೆ ಬ್ಯಾರಿಂಗ್ಟನ್ ಸ್ಟೋಕ್ ಎಂಬ ಪ್ರಕಾಶನದ ಪುಸ್ತಕ ಕೇಳಿ. 1998ರಲ್ಲಿ ಎಡಿನ್‌ಬರ್ಗ್‌ನಲ್ಲಿ ಶುರುವಾದದ್ದು. ಡಿಸ್ಲೆಕ್ಸಿಯಾ ಇರುವ ಮತ್ತು ಓದಲು ಹಿಂಜರಿಯುವ ಮಕ್ಕಳಿಗಾಗಿ ಮಾಡಿದ ಪುಸ್ತಕಗಳು. ಕಥೆ ವಯಸ್ಸಿಗೆ ತಕ್ಕದ್ದು, ವಾಕ್ಯ ಸುಲಭ, ಪುಟ ಕಡಿಮೆ. ಲೈಬ್ರರಿಯಲ್ಲಿ ಸಿಗುತ್ತವೆ. ಆಡಿಯೋಬುಕ್ ಕೇಳುತ್ತ ಪುಸ್ತಕದ ಮೇಲೆ ಬೆರಳಿಡುವುದೂ ಒಳ್ಳೆಯದು.

ಶಾಲೆಯ ಅರ್ಜಿಯಲ್ಲಿ ಮನೆಮಾತು ಕೇಳಿರುತ್ತಾರೆ. "ಕನ್ನಡ" ಎಂದೇ ಬರೆಯಿರಿ. ಹಾಗೆ ಬರೆದರೆ ಮಗುವನ್ನು ಹಿಂದೆ ಹಾಕುತ್ತಾರೆ ಎಂಬ ಭಯ ಕೆಲವರಿಗೆ. ಇಂಗ್ಲಿಷ್ ಹೆಚ್ಚುವರಿ ಭಾಷೆ ಎಂದು ಗುರುತು ಹಾಕುವುದು ಕಲಿಕೆಯ ತೊಂದರೆ ಎಂದಲ್ಲ.

ಲೈಬ್ರರಿ ಕಾರ್ಡ್ ಮೊದಲು, ಉಳಿದದ್ದು ಆಮೇಲೆ

ಕೌನ್ಸಿಲ್ (ಸ್ಥಳೀಯ ಆಡಳಿತ) ನಡೆಸುವ ಲೈಬ್ರರಿಯ ಸದಸ್ಯತ್ವ ಉಚಿತ. ಕೈಕೂಸಿಗೂ ಕಾರ್ಡ್ ಕೊಡುತ್ತಾರೆ. ಮಕ್ಕಳ ಪುಸ್ತಕ ತಡವಾದರೆ ಅನೇಕ ಕಡೆ ದಂಡ ಇಲ್ಲ. ಮನೆ ಬಾಡಿಗೆ ಪತ್ರ ಅಥವಾ ಬಿಲ್ ಒಂದು ಜೊತೆಗಿರಲಿ. ಬೇಕಾದ ಪುಸ್ತಕ ಆ ಶಾಖೆಯಲ್ಲಿ ಇಲ್ಲದಿದ್ದರೆ ಬೇರೆ ಶಾಖೆಯಿಂದ ತರಿಸಬಹುದು. ಬಾರೋಬಾಕ್ಸ್ ಅಥವಾ ಲಿಬ್ಬಿ ಆ್ಯಪ್‌ನಲ್ಲಿ ಇ-ಪುಸ್ತಕ, ಆಡಿಯೋ ಎರಡೂ ಸಿಗುತ್ತವೆ. ಬೇಸಿಗೆ ರಜೆಯಲ್ಲಿ ಸಮ್ಮರ್ ರೀಡಿಂಗ್ ಚಾಲೆಂಜ್ ನಡೆಯುತ್ತದೆ, 1999ರಿಂದ ಇದೆ. ಪ್ರೈಮರಿ ಮಕ್ಕಳು ರಜೆಯಲ್ಲಿ ಪುಸ್ತಕ ಓದಿ ಸ್ಟಿಕರ್, ಸರ್ಟಿಫಿಕೇಟ್ ಪಡೆಯಬಹುದು. ಏನು ಓದಬೇಕೆಂಬ ನಿರ್ಬಂಧ ಇಲ್ಲ. ಆಯ್ಕೆ ಮಗುವಿಗೇ ಬಿಡಿ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಗೊತ್ತಿಲ್ಲದ ಪದ ಬಂದರೆ ಈಗ ಕಷ್ಟ ಎಂದು ಲೆಕ್ಕ, ಆದರೂ ಮಗು ಹಟ ಹಿಡಿದರೆ ತೆಗೆದುಕೊಳ್ಳಲಿ. ಕೊಳ್ಳಲೇಬೇಕು ಎಂದಿದ್ದರೆ ಬಳಸಿದ ಸಾಮಾನು ಮಾರುವ ಚಾರಿಟಿ ಅಂಗಡಿಗಳಿಗೆ ಹೋಗಿ, ಒಂದೆರಡು ಪೌಂಡಿಗೆ ಚೆನ್ನಾಗಿರುವ ಪುಸ್ತಕ ಸಿಗುತ್ತವೆ.

ಮಾರ್ಚ್‌ನಲ್ಲಿ ವರ್ಲ್ಡ್ ಬುಕ್ ಡೇ. ಶಾಲೆಯಲ್ಲಿ 1 ಪೌಂಡಿನ ಟೋಕನ್ ಕೊಡುತ್ತಾರೆ, ಪುಸ್ತಕದಂಗಡಿಯಲ್ಲಿ ಅದಕ್ಕೆಂದೇ ಇಟ್ಟ ಪುಸ್ತಕ ತೆಗೆದುಕೊಳ್ಳಬಹುದು. ಅವಧಿ ಮುಗಿಯುವ ಮೊದಲು ಹೋಗಿ. ಅಂದು ಕಥೆಯ ಪಾತ್ರದ ವೇಷ ಹಾಕಿಕೊಂಡು ಹೋಗುವ ರೂಢಿಯೂ ಇದೆ. ಸೂಪರ್‌ಮಾರ್ಕೆಟ್ಟಿನ ದುಬಾರಿ ವೇಷ ಬೇಡ. ಕಿಂದರಿಜೋಗಿಯನ್ನು ಕಳಿಸಿ! ಕುವೆಂಪು ಅವರ "ಬೊಮ್ಮನಹಳ್ಳಿಯ ಕಿಂದರಿಜೋಗಿ" ಹುಟ್ಟಿದ್ದು ರಾಬರ್ಟ್ ಬ್ರೌನಿಂಗ್ ಅವರ ಇಂಗ್ಲಿಷ್ ಪದ್ಯದಿಂದ. ಟೀಚರ್‌ಗೆ ಆ ಪದ್ಯದ ನಾಯಕ, ಹ್ಯಾಮೆಲಿನ್ನಿನ ಪೈಡ್ ಪೈಪರ್ ಗೊತ್ತಿರುತ್ತಾನೆ. ಒಂದು ಬಣ್ಣದ ಜುಬ್ಬಾ, ಗಡ್ಡ, ಕೈಯಲ್ಲಿ ರಟ್ಟಿನ ಕಿಂದರಿ, ಹಿಂದೆ ನಾಲ್ಕು ರಟ್ಟಿನ ಇಲಿ ಸಾಕು.

ತರಗತಿಗೆ ನಮ್ಮ ಕಡೆಯಿಂದ

ಕೆಲವು ಟೀಚರ್‌ಗಳು ಪೋಷಕರನ್ನು ಕರೆದು ಕಥೆ ಓದಿಸುತ್ತಾರೆ. ನಾಚಿಕೆಪಟ್ಟು ತಪ್ಪಿಸಿಕೊಳ್ಳಬೇಡಿ. ನಮ್ಮ ಊರಿನ ಪುಸ್ತಕ ಯಾವುದಾದರೂ ಹೇಳಿ ಎಂದರೆ ಸುಧಾ ಮೂರ್ತಿ ಅವರ "ಹೌ ಐ ಟಾಟ್ ಮೈ ಗ್ರ್ಯಾಂಡ್‌ಮದರ್ ಟು ರೀಡ್" ಕಥೆ ಹೇಳಬಹುದು. ಕರ್ಮವೀರದಲ್ಲಿ ಬರುತ್ತಿದ್ದ ತ್ರಿವೇಣಿಯವರ "ಕಾಶೀಯಾತ್ರೆ" ಧಾರಾವಾಹಿಯನ್ನು ಮೊಮ್ಮಗಳಿಂದ ಓದಿಸಿಕೊಂಡು ಕೇಳುತ್ತಿದ್ದ ಅಜ್ಜಿ, ಒಂದು ವಾರ ಮೊಮ್ಮಗಳು ಇಲ್ಲದಾಗ ಚಡಪಡಿಸಿ, ಕೊನೆಗೆ ತಾನೇ ಅಕ್ಷರ ಕಲಿಯುತ್ತಾಳೆ. ಇಯರ್ 4, 5ರ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಇಯರ್ 6ಕ್ಕೆ ಆರ್.ಕೆ. ನಾರಾಯಣ್ ಅವರ "ಸ್ವಾಮಿ ಆ್ಯಂಡ್ ಫ್ರೆಂಡ್ಸ್" (1935).

ಕನ್ನಡದ ಓದು

ಇಲ್ಲಿನ ಲೈಬ್ರರಿಗಳಲ್ಲಿ ಉರ್ದು, ಗುಜರಾತಿ, ಬಂಗಾಳಿ ಪುಸ್ತಕಗಳು ಕಾಣುತ್ತವೆ, ಕನ್ನಡ ಅಪರೂಪ. ಹಾಗಾಗಿ ನಾವೇ ಹೊಂದಿಸಿಕೊಳ್ಳಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಮುದ್ರಿಸಬಹುದು. ಅಲ್ಲೂ ಒಂದರಿಂದ ನಾಲ್ಕರವರೆಗೆ ಹಂತಗಳಿವೆ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುವುದರಿಂದ, ಕನ್ನಡ ಕೇಳಿ ಗೊತ್ತು ಆದರೆ ಓದಲು ಬಾರದು ಎನ್ನುವ ಮಕ್ಕಳಿಗೆ ಅನುಕೂಲ. ಚೆನ್ನೈನ ತೂಲಿಕಾ ಪ್ರಕಾಶನ ಎರಡೂ ಭಾಷೆ ಒಂದೇ ಪುಟದಲ್ಲಿರುವ ಪುಸ್ತಕ ತರುತ್ತದೆ. ಚಿಕ್ಕವರಿಗೆ ಹಾಡೇ ಮೊದಲು: ಜಿ.ಪಿ. ರಾಜರತ್ನಂ, ಪಂಜೆ ಮಂಗೇಶರಾಯರು, ಮತ್ತೆ ಬೊಳುವಾರು ಮಹಮದ್ ಕುಂಞಿ ಸಂಪಾದಿಸಿದ "ತಟ್ಟು ಚಪ್ಪಾಳೆ ಪುಟ್ಟ ಮಗು". ಓದಲು ಕಲಿತ ಮೇಲೆ ರಾಷ್ಟ್ರೋತ್ಥಾನದ ಭಾರತ-ಭಾರತಿ ಪುಟ್ಟ ಪುಸ್ತಕಗಳು. ಭಾಷೆ ಸ್ವಲ್ಪ ಗ್ರಾಂಥಿಕ, ಆದರೆ ಒಂದೇ ಕೂತಿನಲ್ಲಿ ಮುಗಿಯುತ್ತವೆ, ತೂಕವೂ ಕಡಿಮೆ.

ಊರಿಂದ ಬರುವಾಗ ಚಟ್ನಿಪುಡಿ, ಹಪ್ಪಳದ ನಡುವೆ ಸೂಟ್‌ಕೇಸಿನಲ್ಲಿ ಎರಡು ಕೆಜಿ ಪುಸ್ತಕಕ್ಕೆ ಜಾಗ ಬಿಡಿ. ಅಜ್ಜಿ-ತಾತ ವಿಸಿಟರ್ ವೀಸಾದಲ್ಲಿ ಬಂದಿದ್ದಾಗ ಮಲಗುವ ಹೊತ್ತಿನ ಕಥೆ ಅವರದ್ದೇ ಆಗಲಿ. ಓದಿ ಮುಗಿದ ಕನ್ನಡ ಪುಸ್ತಕಗಳನ್ನು ಯುಗಾದಿ ಅಥವಾ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ತನ್ನಿ, ಬಾಗಿಲ ಹತ್ತಿರ ಬದಲಾಯಿಸಿಕೊಳ್ಳಲು ಒಂದು ಮೇಜು ಇಟ್ಟಿರುತ್ತೇವೆ. ಪುಸ್ತಕ ತಂದಿಲ್ಲದಿದ್ದರೂ ಒಂದನ್ನು ಎತ್ತಿಕೊಂಡು ಹೋಗಬಹುದು.