ಗುಬ್ಬಿ ಸೀಮೆಯಲ್ಲಿ ಮ್ಯಾಕ್‌ಬೆತ್: ‘ನೀವು’ ಒಮ್ಮೆ ಮಾತ್ರ ‘ನೀನು’ ಆದಾಗ

ಕುರುಕ್ಷೇತ್ರ ನೋಡಿ ಬೆಳೆದ ಗುಬ್ಬಿ, ತುರುವೇಕೆರೆ ಕಡೆಯ ಜನಕ್ಕೆ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕ ಹಿಡಿಸಲ್ಲ ಅಂತ ಹಾರ್ಮೋನಿಯಂ ಮೇಷ್ಟ್ರುಗಳೇ ಹೇಳಿದ್ದರು. ಮೂರನೇ ಪ್ರಯೋಗಕ್ಕೆ ಕೊನೆಯ ಪರದೆ ಬೀಳೋವರೆಗೂ ಒಬ್ಬರೂ ಏಳಲಿಲ್ಲ.

ಮೊದಲೆರಡು ಪ್ರಯೋಗ ಕೆಟ್ಟದ್ದು ಒಂದು ‘ನೀನು’ವಿನಿಂದ. ರಾಣಿ ಶುರುವಿನಿಂದಲೇ ಗಂಡ ಮ್ಯಾಕ್‌ಬೆತ್‌ಗೆ ಹಾಗೆ ಅನ್ನುತ್ತಿದ್ದಳು. ಜನ ಅವಳನ್ನು ಬಜಾರಿ ಅಂತ ತೀರ್ಮಾನಿಸಿ, ಪಟ್ಟಕ್ಕಾಗಿ ಅವನು ಮಾಡೋ ದೊರೆಯ ಕೊಲೆಯನ್ನು ಪೂರ್ತಿ ಅವಳ ತಲೆಗೆ ಕಟ್ಟಿದರು. ಪಟ್ಟದ ಆಸೆ ಅವನೊಳಗೆ ಮೊದಲೇ ಇತ್ತು ಅನ್ನೋದು ಮುಚ್ಚಿಹೋಯಿತು. ಈಗ ಅವಳದು ‘ಬನ್ನಿ’, ‘ನೀವು’. ಒಂದನೇ ಅಂಕದ ಏಳನೇ ದೃಶ್ಯದಲ್ಲಿ ಅವನು ಹಿಂಜರಿದಾಗ ಒಂದೇ ಸಲ: ‘ಗಂಡಸಾ ನೀನು?’ ಆಮೇಲೆ ಮೂರು ಉಸಿರಿನಷ್ಟು ಮೌನ, ಹಾರ್ಮೋನಿಯಂ ಕೂಡ ಬೇಡ. ಔತಣದಲ್ಲಿ, ತಾನೇ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ ಕಂಡು ಅವನು ನಡುಗುವಾಗ ಅದೇ ಪ್ರಶ್ನೆ, ಅತಿಥಿಗಳಿಗೆ ಕೇಳದ ಹಾಗೆ ಹಲ್ಲು ಕಚ್ಚಿ: ‘ಗಂಡಸಾ ನೀವು?’

‘ಗಂಡಸು’ ಬಿಟ್ಟು ವೀರ, ಶೂರ ಅಂತ ಎಲ್ಲೂ ತಿದ್ದಬೇಡಿ. ಬ್ಯಾಂಕೋನನ್ನು ಕೊಲ್ಲಲು ಕಳಿಸೋ ಕೊಲೆಗಾರರನ್ನು ಮ್ಯಾಕ್‌ಬೆತ್ ಕೆಣಕೋದೂ ಅದೇ ಮಾತಿನಿಂದ. ಮ್ಯಾಕ್‌ಬೆತ್ ಕಡೆಯವರಿಂದ ಹೆಂಡತಿ ಮಕ್ಕಳು ಸತ್ತರೆಂದು ತಿಳಿದ ಅವನ ಎದುರಾಳಿ ಮ್ಯಾಕ್‌ಡಫ್‌ಗೆ ‘ಗಂಡಸಿನ ಹಾಗೆ ಎದುರಿಸು’ ಅನ್ನುತ್ತಾರೆ. ‘ಎದುರಿಸ್ತೀನಿ, ಆದರೆ ಗಂಡಸಿನ ಹಾಗೇ ನೋಯಲೂಬೇಕು’ ಅನ್ನುತ್ತಾನೆ ಅವನು. ಇಡೀ ನಾಟಕದಲ್ಲಿ ನನಗೆ ಅತಿ ಪ್ರಿಯವಾದ ಮಾತು ಅದು.

ಮೊದಲ ಸಲ ಸೀನರಿ, ಮಕಮಲ್ ಡ್ರೆಸ್ಸಿಗೆ 18 ಸಾವಿರದ ಹತ್ತಿರ ಹೋಯಿತು. ಕಿರೀಟ ಕಂಡ ಕೂಡಲೇ ಜನ ಪೌರಾಣಿಕ ನಾಟಕದ ಹಾಗೆ ಕಂದಪದ್ಯಕ್ಕೆ ಕಾದರು. ಮೂರನೆಯದು ಕಂಬಳಿ, ಪಂಚೆಯಲ್ಲಿ 4 ಸಾವಿರಕ್ಕೇ ಮುಗಿಯಿತು. ಮ್ಯಾಕ್‌ಬೆತ್‌ಗೆ ಭವಿಷ್ಯ ಹೇಳೋ ಮಾಟಗಾತಿಯರಿಗೆ ಗಡ್ಡ ಇರಲೇಬೇಕು, ಮೂಲದಲ್ಲೇ ಇದೆ. ಅಂಟಿಸಿದ ಗಡ್ಡಕ್ಕೆ ನಗು ಬಂತು. ಗಂಡಸರಿಗೇ ಸೀರೆ ಉಡಿಸಿ, ನಾಲ್ಕು ದಿನ ಕ್ಷೌರ ಬಿಡಿಸಿ, ಸೆರಗು ಹೊದಿಸಿ ಬೀಸೋಕಲ್ಲಿನ ಮುಂದೆ ಕೂರಿಸಿದೆ. ರಾಗಿ ಬೀಸೋ ಸದ್ದಿಗೆ ಸಭೆ ತಣ್ಣಗಾಯಿತು.

ರಾಣಿ ನಿದ್ದೆಯಲ್ಲಿ ನಡೆಯುತ್ತ, ಕೈಗೆ ಕೊಲೆಯ ರಕ್ತ ಅಂಟಿದೆ ಅಂತ ತೊಳೆಯುವಾಗ ಬೋಗುಣಿ ನಾವು ಸೇರಿಸಿದ್ದು. ಕೈಗೆ ಮುತ್ತೈದೆಯ ಅರಿಶಿನ, ಬೋಗುಣಿಯಲ್ಲಿ ಸುಣ್ಣದ ತಿಳಿ. ತೊಳೆದಷ್ಟೂ ಕೈ ಕೆಂಪಾಗುತ್ತದೆ, ನೀರು ಓಕುಳಿಯಾಗುತ್ತದೆ. ಎರಡು ಲೀಟರ್ ನೀರಿಗೆ ಕಡಲೆಕಾಳಿನಷ್ಟು ಎಲೆಸುಣ್ಣ ಕದಡಿ, ಒಂದು ಗಂಟೆ ಬಿಟ್ಟು, ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ. ತಾಲೀಮಿನಲ್ಲಿ ಸುಣ್ಣ ಹೆಚ್ಚಾಗಿ ನಟಿಯ ಬೆರಳ ಸಂದು ಉರಿದಿತ್ತು. ಹಳದಿ ದೀಪದಲ್ಲಿ ಕೆಂಪು ಏಳಲ್ಲ, ಬಿಳಿ ಎಲ್‌ಇಡಿಯೇ ಬೇಕು. ಅಲ್ಲಿವರೆಗೂ ಅರಿಶಿನ ಎದ್ದು ಕಾಣದ ಹಾಗೆ ಏನು ಮಾಡ್ತೀವಿ ಅನ್ನೋದು ಮಾತ್ರ ನಮ್ಮ ತಂಡದಲ್ಲೇ ಇರಲಿ. ಪರದೆ ಹಿಂದೆ ಹುಣಸೆ ನೀರು ಇಟ್ಟಿರಿ. ಅದರಲ್ಲಿ ಅದ್ದಿದರೆ ಕೈ ಮತ್ತೆ ಹಳದಿಗೆ ತಿರುಗುತ್ತದೆ.